ಹದಿನೆಂಟು ಸೀಟಿನ ಖಾಲಿ ಓಟ

ಹದಿನೆಂಟನೆಯವರೂ ಸರಿ ಎಂದು ಗುರುತು ಹಾಕಿದ ಮೇಲೆಯೇ ಅವನಿಗೆ ಹೊಳೆದದ್ದು, ಶಾಖೆಯ ಪ್ರವಾಸದ ಪಟ್ಟಿಯಲ್ಲಿ ತಾನೇ ಇಲ್ಲ. ಬಸ್ಸಿಗೆ ಹದಿನೆಂಟು ಸೀಟು, ಪಟ್ಟಿಗೆ ಹದಿನೆಂಟು ಹೆಸರು. ಯಾರು ಎಲ್ಲಿ ಕೂರಬೇಕೆಂಬ ನಕ್ಷೆಯನ್ನು ನಿನ್ನೆ ಅವನೇ ತಯಾರಿಸಿ ಶಾಖೆಯ ವಾಟ್ಸಾಪ್ ಗುಂಪಿಗೆ ಕಳಿಸಿದ್ದ. ಬಾಗಿಲು ಹತ್ತಿರ ಬೇಕೆಂದವರಿಗೆ ಬಾಗಿಲ ಪಕ್ಕ, ಸಾಹೇಬರಿಗೆ ತಣ್ಣನೆಯ ಗಾಳಿ ನೇರ ಬಡಿಯದ ಮೂಲೆ, ಒಬ್ಬರ ಮುಖ ಒಬ್ಬರಿಗಾಗದ ಇಬ್ಬರು ಗುಮಾಸ್ತರ ನಡುವೆ ನಾಲ್ಕು ಸೀಟಿನ ಅಂತರ. ಹದಿನೆಂಟು ಜನರ ಮುನಿಸು, ಮೊಣಕಾಲು, ವಾಕರಿಕೆ ಎಲ್ಲವೂ ಅದರಲ್ಲಿ ಲೆಕ್ಕಕ್ಕೆ ಬಂದಿದ್ದವು.

ತಪ್ಪು ಹೇಗಾಯಿತೆಂದು ಕೂಡಲೇ ತಿಳಿಯಿತು. ನಗರ ಬಸ್ಸುಗಳ ವೇಳಾಪಟ್ಟಿ ಶಾಖೆಯಲ್ಲಿ ಹತ್ತೊಂಬತ್ತು ವರ್ಷ ಕೂತವನಿಗೆ ಅಂಟುವ ರೋಗ ಅದು. ಹೊಸ ಮಾರ್ಗ ಶುರುವಾಗುವ ಮೊದಲು ಅಲ್ಲಿ ಒಂದು ಖಾಲಿ ಓಟ ನಡೆಯುತ್ತದೆ. ಶಾಖೆಯವನೊಬ್ಬ ಬರಿಯ ಬಸ್ಸಿನಲ್ಲಿ ಗಡಿಯಾರ ಹಿಡಿದು ಕೂತು, ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಎಷ್ಟು ನಿಮಿಷವೆಂದು ಬರೆದುಕೊಳ್ಳುತ್ತಾನೆ. ತಾನು ಕೂತಿದ್ದರೂ ನಮೂನೆಯಲ್ಲಿ ‘ಪ್ರಯಾಣಿಕರು’ ಎಂಬ ಅಂಕಣದ ಎದುರು ‘ಇಲ್ಲ’ ಎಂದು ತುಂಬುತ್ತಾನೆ. ಇಷ್ಟು ವರ್ಷಗಳಲ್ಲಿ ಅವನು ಆ ‘ಇಲ್ಲ’ವನ್ನು ಎಷ್ಟು ಸಲ ಬರೆದಿದ್ದನೋ, ಲೆಕ್ಕವಿಲ್ಲ.

ಆದರೆ ಅದು ಅವನ ಕೈಯ ತಪ್ಪು. ಹದಿನೆಂಟು ಜೊತೆ ಕಣ್ಣುಗಳಿಗೆ ಏನಾಗಿತ್ತು? ಒಬ್ಬೊಬ್ಬರೂ ತಮ್ಮ ಹೆಸರನ್ನು ಹುಡುಕಿ, ಪಕ್ಕದಲ್ಲಿ ಯಾರಿದ್ದಾರೆಂದು ನೋಡಿ, ಹೆಬ್ಬೆರಳು ಎತ್ತಿ ಕೈ ತೊಳೆದುಕೊಂಡಿದ್ದರು.

ಇಂದು ಸಂಜೆ ಐದಕ್ಕೆ ಬಸ್ಸಿನವರಿಗೆ ಕೊನೆಯ ಪಟ್ಟಿ ಕೊಡಬೇಕು. ನಾಳೆ ಪ್ರವಾಸ. ಇಪ್ಪತ್ತೈದು ಸೀಟಿನ ಬಸ್ಸೂ ಅವರಲ್ಲಿದೆ, ಒಂದು ಮಾತು ಹೇಳಿದರೆ ಬದಲಿಸಿಕೊಡುತ್ತಾರೆ. ಆ ಮಾತನ್ನು ತಾನಾಗಿ ಹೇಳಕೂಡದೆಂದು ಅವನು ಹಲ್ಲುಜ್ಜುತ್ತಾ ನಿರ್ಧರಿಸಿದ. ಹದಿನೆಂಟರಲ್ಲಿ ಒಬ್ಬರು, ಬರೀ ಒಬ್ಬರು, ಐದರೊಳಗೆ ‘ನೀವೆಲ್ಲಿ?’ ಎಂದು ಕೇಳಬೇಕು. ಕೇಳಿದರೆ ನಕ್ಕು ದೊಡ್ಡ ಬಸ್ಸು ತರಿಸುತ್ತಾನೆ. ಕೇಳದಿದ್ದರೆ ಏನೆಂದು ಅವನು ಯೋಚಿಸಲಿಲ್ಲ.

ಹೆಂಡತಿಗೆ ಹೇಳಬಾರದಿತ್ತು, ಹೇಳಿದ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

“ನನ್ನನ್ನೂ ಸೇರಿಸ್ಕೊಳ್ಳಿ ಅಂತ ಒಂದು ಸಾಲು ಹಾಕಿದ್ರೆ ಮುಗೀತಲ್ಲ.”

“ಅದು ನಾನು ಹೇಳೋ ಮಾತಲ್ಲ.”

“ಬಿಯರು ಕುಡಿದ್ರೆ ನಿಮಗೆ ತಲೆನೋವು. ಆ ಜನರನ್ನ ಕಂಡ್ರೆ ಇನ್ನೂ ದೊಡ್ಡ ತಲೆನೋವು. ಹೋಗದೆ ಇದ್ರೆ ಕಳ್ಕೊಳ್ಳೋದೇನು?”

ಅವನಿಗೆ ಅವಮಾನವಾಗಿತ್ತು. ಇಂಥ ಜನರಿಂದ ತನಗೆ ಅವಮಾನವಾಯಿತಲ್ಲ ಎಂಬುದು ಅದಕ್ಕಿಂತ ದೊಡ್ಡ ಅವಮಾನವಾಗಿತ್ತು. ಅವಳು ಅವನ ಒಂದು ಅಂಗಿಯನ್ನು ಎತ್ತಿ, ನಾಳೆಗೆ ಇಸ್ತ್ರಿ ಬೇಕೋ ಬೇಡವೋ ಈಗಲೇ ಹೇಳಿ ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಪ್ರವಾಸ ಹುಟ್ಟಿದ್ದು ತುತ್ತೂರಿಯ ಬಾಯಲ್ಲಿ. ಶಾಖೆಯಲ್ಲಿ ಯಾರ ಹಲ್ಲು ಕಿತ್ತರೂ ಊರಿಗೆಲ್ಲ ಸಾರುವ ಸಹೋದ್ಯೋಗಿಗೆ ಇಟ್ಟ ಹೆಸರು ಅದು. ಬಿಯರು ತಯಾರಿಸಿ ಅಲ್ಲೇ ಕುಡಿಸುವ ನಗರದ ಮೂರು ಬ್ರೂವರಿ, ಒಂದು ಪಾರ್ಟಿ ಬಸ್ಸು, ಒಂದು ಶನಿವಾರ, ಶಾಖೆಯ ಒಗ್ಗಟ್ಟು! ಒಗ್ಗಟ್ಟು ಎಂಬ ಮಾತಿಗೆ ಸಾಹೇಬರು ತಲೆಯಾಡಿಸಿದ್ದರು. ಕೆಲಸ ಯಾರದೆಂಬ ಪ್ರಶ್ನೆ ಬಂದಾಗ ತುತ್ತೂರಿ ಇವನ ಬೆನ್ನ ಮೇಲೆ ಕೈಯಿಟ್ಟು, ನೀವಿರುವಾಗ ನಮಗೇನು ಚಿಂತೆ ಎಂದಿದ್ದ. ಅಲ್ಲಿಗೆ ಅದು ಇವನ ಕೊರಳಿಗೆ ಬಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಅದು ಹಿಡಿಸಿಯೂ ಇತ್ತು. ಮೂರು ವಾರ ಎಲ್ಲರೂ ಅವನ ಮೇಜಿಗೆ ಬಂದರು. ಹತ್ತೊಂಬತ್ತು ವರ್ಷದಲ್ಲಿ ಆ ಮೇಜಿಗೆ ಅಷ್ಟು ಜನ ಬಂದದ್ದಿಲ್ಲ.

ಈ ಪ್ರವಾಸಕ್ಕೂ ಒಂದು ಖಾಲಿ ಓಟ ಮಾಡಿಯೇ ತೀರಬೇಕೆಂದು ಹಟ ಹಿಡಿದವನೂ ಅವನೇ. ಕುಡಿಯೋಕೆ ಹೋಗೋರಿಗೆ ವೇಳಾಪಟ್ಟಿ ಯಾಕೆ ಎಂದು ಎಲ್ಲರೂ ನಕ್ಕರು. ಆದರೂ ಬಸ್ಸಿನ ಕಂಪನಿ ಒಪ್ಪಿತು. ಹೇಗೂ ಇಂದು, ಶುಕ್ರವಾರ, ಆ ಬಸ್ಸಿಗೆ ಕೆಲಸವಿರಲಿಲ್ಲ.

ಬಸ್ಸು ನೇರಳೆ ಬಣ್ಣದ್ದು. ಒಳಗೆ ಎರಡು ಗೋಡೆಗಳುದ್ದಕ್ಕೂ ಎದುರುಬದುರು ಸೀಟು, ನಡುವೆ ಹೊಳೆಯುವ ಕಂಬ, ಛಾವಣಿಗೆ ಕನ್ನಡಿ. ಎಂಜಿನ್ ಶುರುವಾದ ಕೂಡಲೇ ಬಣ್ಣದ ದೀಪಗಳೂ ಹತ್ತಿಕೊಂಡವು. ಅದು ಹಾಗೇ, ಆರಿಸಲು ಬರುವುದಿಲ್ಲ ಎಂದ ಡ್ರೈವರು. ಬೆಳಗ್ಗೆ ಹನ್ನೊಂದರ ಬಿಸಿಲಿನಲ್ಲಿ ಅವನು ತೊಡೆಯ ಮೇಲೆ ನಮೂನೆ ಇಟ್ಟುಕೊಂಡು ಕೆಂಪಾದ, ಹಸಿರಾದ, ಮತ್ತೆ ಕೆಂಪಾದ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಸಿಟಿ ಬಸ್ಸಿನ ಜನ ಬಗ್ಗಿ ಬಗ್ಗಿ ನೋಡಿದರು. ಆ ಬಸ್ಸು ನಾಲ್ಕು ನಿಮಿಷ ತಡವಾಗಿ ಓಡುತ್ತಿದೆಯೆಂದು ಅವನಿಗೆ ಗೊತ್ತಿತ್ತು.

“ಹಾಡು ಹಾಕ್ಲಾ ಸರ್?” ಎಂದ ಡ್ರೈವರು.

“ಒಬ್ಬನಿಗಾ?”

“ಇರೋದು ಒಬ್ಬರೇ ಅಲ್ವಾ.”

ಮೊದಲ ಬ್ರೂವರಿ ಹಿಂದೊಮ್ಮೆ ನೂಲಿನ ಗಿರಣಿಯಾಗಿತ್ತಂತೆ. ದುಡಿದು ಸತ್ತವರ ಕಟ್ಟಡದಲ್ಲಿ ದುಡಿದು ಸುಸ್ತಾದವರು ಕುಡಿಯಲು ಬರುತ್ತಾರೆ, ಗೋಡೆಯ ಇಟ್ಟಿಗೆಯನ್ನು ಸವರಿ ಆಹಾ ಎನ್ನುತ್ತಾರೆ. ಅಲ್ಲಿಯ ಮ್ಯಾನೇಜರು ಎಷ್ಟು ಜನ ಎಂದು ಕೇಳಿದ. ಅವನು ಹದಿನೆಂಟು ಎಂದ. ತನ್ನ ಬಾಯಿಂದಲೇ ಅಷ್ಟು ಸಲೀಸಾಗಿ ಬಂದುಬಿಟ್ಟಿತು. ಬಾಗಿಲಿನಿಂದ ಮೇಜಿಗೆ ಎರಡು ನಿಮಿಷ, ಶೌಚಾಲಯಕ್ಕೆ ಹದಿನೆಂಟು ಜನಕ್ಕೆ ಹನ್ನೊಂದು ನಿಮಿಷ ಎಂದು ಬರೆದುಕೊಂಡ. ಕೊಟ್ಟ ಸಣ್ಣ ಲೋಟವನ್ನು ಮುಟ್ಟಲಿಲ್ಲ.

ಮತ್ತೆ ಬಸ್ಸು ಹತ್ತುವಾಗ ಫೋನು ಮಿಡಿಯಿತು. ಶಾಖೆಯಲ್ಲಿ ಮಾರ್ಗದ ನಕಾಶೆ ಬರೆಯುವಾಕೆ ಅವನೊಬ್ಬನಿಗೇ ಕಳಿಸಿದ್ದಳು: ಸೀಟಿನ ವಿಷಯ ಒಂದು ಕೇಳಬೇಕಿತ್ತು, ಬೇಜಾರು ಮಾಡ್ಕೋಬೇಡಿ. ಹದಿನೆಂಟು ಜನರಲ್ಲಿ ಯಾರಾದರೂ ಕೇಳಿದರೆ ಇವಳೇ ಎಂದು ಬೆಳಗಿನಿಂದ ಒಳಗೊಳಗೇ ಅಂದುಕೊಂಡಿದ್ದ. ನಕಾಶೆಯಲ್ಲಿ ಒಂದು ಸಣ್ಣ ತಿರುವು ತಪ್ಪಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ತಾನೇ ಫೋನು ಮಾಡಿದ.

“ಕೇಳಿ, ಪರವಾಗಿಲ್ಲ,” ಎಂದ. ದನಿ ಬೇಕೆಂದದ್ದಕ್ಕಿಂತ ಮೃದುವಾಗಿತ್ತು.

“ಹೇಗೆ ಹೇಳೋದು ಅಂತ ಸರ್. ನಂಗೆ ನಿನ್ನೆಯಿಂದ ಅದೇ ಯೋಚನೆ.”

“ಹೇಳಿ.”

“ನನ್ನ ಪಕ್ಕ ತುತ್ತೂರಿನ ಹಾಕಿದೀರ. ಅವರು ಮೈಮೇಲೆ ಬಿದ್ದು ಮಾತಾಡ್ತಾರೆ. ಬೇರೆ ಯಾರನ್ನಾದ್ರೂ ಹಾಕೋಕಾಗುತ್ತಾ? ಯಾರಾದ್ರೂ ಸರಿ.”

ಯಾರಾದರೂ ಸರಿ. ಅವನು ಆಗಲಿ ಎಂದ. ಅವಳು ನಾಲ್ಕು ಸಲ ಥ್ಯಾಂಕ್ಸ್ ಹೇಳಿದಳು, ನೀವಿಲ್ಲದಿದ್ದರೆ ಈ ಟ್ರಿಪ್ಪೇ ಆಗುತ್ತಿರಲಿಲ್ಲ ಎಂದೂ ಹೇಳಿದಳು. ಅವನು ಆಕೆಯ ಪಕ್ಕಕ್ಕೆ ಬಾಯಿ ಬಿಡದ ಹಿರಿಯ ಗುಮಾಸ್ತರನ್ನು ತಂದು, ತುತ್ತೂರಿಯನ್ನು ಸ್ಪೀಕರಿನ ಕೆಳಗೆ ಕೂರಿಸಿ, ಹೊಸ ನಕ್ಷೆಯನ್ನು ಗುಂಪಿಗೆ ಕಳಿಸಿದ. ಇನ್ನೊಂದು ಅವಕಾಶ ಕೊಟ್ಟಂತಾಯಿತು ಎಂದುಕೊಂಡ. ಎರಡು ನಿಮಿಷದಲ್ಲಿ ಹದಿನೆಂಟು ಹೆಬ್ಬೆರಳುಗಳು ಎದ್ದು ನಿಂತವು. ಸಾಹೇಬರು ‘ಪರ್ಫೆಕ್ಟ್’ ಎಂದು ಬೇರೆ ಬರೆದಿದ್ದರು.

ಡ್ರೈವರು ಕನ್ನಡಿಯಲ್ಲಿ ಅವನನ್ನು ನೋಡುತ್ತಿದ್ದ.

“ನಾಳೆ ನೀವು ಎಲ್ಲಿ ಕೂರ್ತೀರಿ ಸರ್?”

ಕೇಳಬೇಕಾದ ಪ್ರಶ್ನೆಯನ್ನು ಕೇಳಬೇಕಾಗಿಲ್ಲದವನು ಕೇಳಿದ್ದ. ಅವನಿಗೆ ಸಿಟ್ಟು ಬಂತು. ಡ್ರೈವರು ಹದಿನೆಂಟರಲ್ಲಿ ಬರುವುದಿಲ್ಲ, ಆದ್ದರಿಂದ ಇದು ಲೆಕ್ಕಕ್ಕಿಲ್ಲ.

“ಮುಂದೆ. ನಿಮ್ಮ ಹತ್ತಿರ.”

“ಮುಂದೆ ಯಾರನ್ನೂ ಕೂರಿಸೋ ಹಾಗಿಲ್ಲ ಸರ್. ಕಂಪನಿ ರೂಲು.”

“ಗೊತ್ತು. ರಸ್ತೆ ನೋಡಿ.”

ಎರಡನೆಯ ಬ್ರೂವರಿ ಪೂರ್ತಿ ಗಾಜಿನದು. ಕಪ್ಪು ಏಪ್ರನ್ನಿನ ಹುಡುಗಿಯೊಬ್ಬಳು ಸ್ಟೀಲಿನ ದೊಡ್ಡ ಹಂಡೆಗಳ ಮುಂದೆ ನಿಂತು, ನಾಳೆ ಹೇಳಬೇಕಾದ ಭಾಷಣವನ್ನು ಅವನೊಬ್ಬನಿಗೇ ಇಡಿಯಾಗಿ ಹೇಳಿದಳು. ನಡುನಡುವೆ ‘ಫ್ರೆಂಡ್ಸ್’ ಎಂದು ಕರೆದಳು. ನಗಬೇಕಾದ ಜಾಗಗಳಲ್ಲಿ ನಿಲ್ಲಿಸಿ ಕಾದಳು. ಅವನು ಗಡಿಯಾರ ನೋಡಿದ. ಭಾಷಣಕ್ಕೆ ಹದಿನಾಲ್ಕು ನಿಮಿಷ, ನಗುವಿಗೆ ಒಂದು ಸೇರಿಸಿದರೆ ಹದಿನೈದು.

ದಾರಿಯಲ್ಲಿ ಗುಂಪಿನ ಮಾತು ಓದಿದ. ಯಾವ ಬಣ್ಣದ ಅಂಗಿ ಹಾಕಬೇಕೆಂದು ಚರ್ಚೆ ನಡೆದಿತ್ತು. ಸಾಹೇಬರು ನೀಲಿ ಎಂದ ಮೇಲೆ ಎಲ್ಲರ ಪೆಟ್ಟಿಗೆಯಲ್ಲೂ ನೀಲಿ ಅಂಗಿ ಸಿಕ್ಕಿಬಿಟ್ಟಿತ್ತು. ಮಂದೆ, ಎಂದುಕೊಂಡ. ಬೆಣ್ಣೆ ಹಚ್ಚುವುದರಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಮಂದೆ. ಆಮೇಲೆ ತನ್ನಲ್ಲಿ ನೀಲಿ ಅಂಗಿ ಇದೆಯೇ ಎಂದು ಯೋಚಿಸಿದ. ಒಂದಿತ್ತು. ಬೆಳಗ್ಗೆ ಹೆಂಡತಿ ಎತ್ತಿ ತೋರಿಸಿದ್ದು ಅದನ್ನೇ ಇರಬೇಕು.

ಮೂರನೆಯದನ್ನು ಮುಟ್ಟಿದಾಗ ನಾಲ್ಕೂ ಇಪ್ಪತ್ತು. ಊರ ಅಂಚಿನ ಗೋದಾಮು, ಹಿಂದೆ ಕಲ್ಲು ಹಾಸಿದ ಅಂಗಳ. ಅಲ್ಲಿ ಫೋಟೋ ತೆಗೆಸಿಕೊಳ್ಳಲೆಂದು ಒಂದು ಹಲಗೆ ನಿಲ್ಲಿಸಿದ್ದರು. ಅದರ ಮೇಲೆ ಸಾಲಾಗಿ ಪೀಪಾಯಿ ಹೊಟ್ಟೆಯ ಕುಡುಕರ ಚಿತ್ರ, ಕೈಯಲ್ಲಿ ನೊರೆಯುಕ್ಕುವ ಲೋಟ, ಟೊಪ್ಪಿಗೆಗೂ ಗಿರಿಜಾ ಮೀಸೆಗೂ ನಡುವೆ ಮುಖದ ಜಾಗದಲ್ಲಿ ತೂತು. ಕೊನೆಯ ಕುಡುಕ ನೆಲಕ್ಕೆ ಬಿದ್ದಿದ್ದ, ಅವನ ತೂತು ಮೊಣಕಾಲಿನ ಎತ್ತರದಲ್ಲಿತ್ತು.

ಅವನು ಹಲಗೆಯ ಹಿಂದೆ ಹೋಗಿ ನಡುವಿನ ತೂತಿಗೆ ಮುಖವಿಟ್ಟ. ಯಾಕೆಂದು ತನಗೇ ಹೇಳಿಕೊಳ್ಳಲಿಲ್ಲ. ಹೇಳಿಕೊಂಡಿದ್ದರೆ ನಾಚಿಕೆಯಾಗುತ್ತಿತ್ತು. ಡ್ರೈವರಿಗೆ ಫೋನು ಕೊಟ್ಟು ಒಂದು ತೆಗೆಯಲು ಹೇಳಿದ. ನಗಬೇಕೆಂದು ಡ್ರೈವರು ಹೇಳಿದ, ಅವನು ನಕ್ಕ. ಡ್ರೈವರು ಪಕ್ಕದ ತೂತಿನಿಂದ ಫೋನು ಹಿಂತಿರುಗಿಸಿದ. ನಾಲ್ಕೂ ನಲವತ್ತಕ್ಕೆ ಫೋಟೋ ಗುಂಪಿಗೆ ಹೋಯಿತು. ಅಡಿಯಲ್ಲಿ ಏನೂ ಬರೆಯಲಿಲ್ಲ. ಇಷ್ಟು ದೊಡ್ಡದಾಗಿ ಮುಖ ತೋರಿಸಿದ ಮೇಲೆ ಬರೆಯುವುದೇನಿದೆ?

ಹಲಗೆಯ ಹಿಂದೆಯೇ ನಿಂತು ಕಾದ. ಹಸಿ ಮರದ ವಾಸನೆ, ಬಿಯರಿನ ಹುಳಿ. ಒಬ್ಬೊಬ್ಬರೇ ನೋಡಿದರು. ನಗುವ ಮುಖಗಳು ಉದುರಿದವು. ಆಮೇಲೆ ತುತ್ತೂರಿ ಬರೆದ:

“ಬೋರ್ಡು ಸೂಪರ್ ಸರ್. ಆದ್ರೆ ತೂತಲ್ಲಿ ಯಾರೋ ಮೂತಿ ತೂರಿಸಿಬಿಟ್ಟಿದಾನೆ. ಅವನನ್ನ ಆ ಕಡೆ ಕಳಿಸಿ, ಖಾಲಿ ಬೋರ್ಡಿಂದು ಒಂದು ಹಾಕಿ.”

ಆ ಮಾತಿಗೆ ಹೆಬ್ಬೆರಳುಗಳು ಏಳತೊಡಗಿದವು. ನಕಾಶೆಯಾಕೆಯದೂ ಒಂದಿತ್ತು.

ಅವನು ಅದನ್ನು ಎರಡು ಸಲ ಓದಿದ. ನಂತರ ತೂತಿನಿಂದ ಕೈ ಹೊರಗೆ ಹಾಕಿ ಫೋನನ್ನು ಡ್ರೈವರಿಗೆ ಕೊಟ್ಟ.

“ಇನ್ನೊಂದು ತೆಗೀರಿ. ನಾನಿಲ್ಲದ್ದು.”

“ಹಂಗಾದ್ರೆ ಈಚೆ ಬನ್ನಿ ಸರ್.”

“ಬೇಡ. ಇಲ್ಲೇ ಕೂತ್ಕೋತೀನಿ.”

ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತ. ಐದಕ್ಕೆ ಎಂಟು ನಿಮಿಷವಿತ್ತು. ಹಲಗೆಯ ಆಚೆಯಿಂದ ಫೋನು ಮಿಡಿದದ್ದು ಕೇಳಿಸಿತು.

“ಏನೋ ಬಂತು ಸರ್,” ಎಂದ ಡ್ರೈವರು. “ಆಮೇಲೆ ನೋಡೋರಂತೆ. ಕೆಳಗಿನ ತೂತಲ್ಲಿ ನಿಮ್ಮ ತಲೆ ಕಾಣ್ತಿದೆ. ಸ್ವಲ್ಪ ಬಗ್ಗಿ.”

ಅವನು ಬಗ್ಗಿದ.

“ಇನ್ನೂ ಸ್ವಲ್ಪ.”

ಮೊಣಕಾಲುಗಳ ನಡುವೆ ಮುಖ ಹುದುಗಿಸಿದ. ಕೂದಲು ಕಾಣದಿರಲೆಂದು ಎರಡೂ ಕೈಗಳಿಂದ ತಲೆಯನ್ನು ಒತ್ತಿ ಹಿಡಿದುಕೊಂಡ. ಹಣೆಗೆ ಕಲ್ಲಿನ ತಂಪು ತಾಗಿತು.

“ಈಗ?” ಎಂದು ಕೇಳಿದ.

“ಇನ್ನೂ ಕಾಣ್ತಿದೀರಿ ಸರ್.”