ಹಣ್ಣಿಗೆ ಉಡಿಸಿದ ಸೀರೆ

"ಏ ರಂಡಿ, ಸೀರಿ ಬಿಗದು ಕಟ್ಟ! ಕಾಯಿಗಿ ಬಿಸಲ ಬಡದ್ರ ನಿನ್ನ ಮುಸಡಿ ಹಂಗ ಕರ್ರಗ ಆಗತಾವ. ಆಮ್ಯಾಲ ನಿನ್ನಂಗೇ ಅವನ್ನೂ ಯಾರೂ ಮುಟ್ಟಂಗಿಲ್ಲ!"

ಕೂಲಿಯಾಳುಗಳನ್ನು ದುಡಿಸುವ ಮುಕದ್ದಮ ನರಹರಿ ಬದುವಿನ ಮೇಲೆ ಛತ್ರಿ ಹಿಡಿದು ನಿಂತು ಒದರುತ್ತಿದ್ದ. ನಾನು ದಾಳಿಂಬೆ ಗಿಡದ ಮೇಲೆ ಹಳೆಯ ಸೀರೆ ಹೊದಿಸಿ ಅದರ ತುದಿಯನ್ನು ತಂತಿಗೆ ಗಂಟು ಹಾಕುತ್ತಿದ್ದೆ. ತಂತಿ ಕಾದು ಬೆರಳು ಚುರುಗುಟ್ಟುತ್ತಿತ್ತು. ಕೈ ಹಿಂದಕ್ಕೆ ತೆಗೆದರೆ ಇನ್ನೊಂದು ಬೈಗುಳ.

ನಾಸಿಕದ ಹತ್ತಿರ, ಪಿಂಪಳಗಾಂವ್ ಬಸವಂತ್ ಆಚೆಗಿನ ಈ ತೋಟದಲ್ಲಿ ಬೇಸಿಗೆ ಬಂತೆಂದರೆ ಇದೇ ಕೆಲಸ. ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ಕೊಳ್ಳುವವರ ಹತ್ತಿರದಿಂದ ಸೀರೆಗಳು ಗಂಟುಗಟ್ಟಲೆ ಬರುತ್ತವೆ. ಯಾರದೋ ಮದುವೆಯ ಸೀರೆ, ಯಾರದೋ ಸೀಮಂತದ ಸೀರೆ, ಅರಿಶಿನದ ಕಲೆ ಇನ್ನೂ ಹೋಗದ ಸೀರೆ. ಅವನ್ನೆಲ್ಲ ಗಿಡಕ್ಕೆ ಉಡಿಸಬೇಕು. ಇಲ್ಲದಿದ್ದರೆ ಬಿಸಿಲಿಗೆ ಹಣ್ಣಿನ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ, ಹೊರದೇಶದವರು ಮೂಸಿಯೂ ನೋಡುವುದಿಲ್ಲ. ಗಿಡಗಳು ಮುತ್ತೈದೆಯರ ಹಾಗೆ ಬಣ್ಣಬಣ್ಣದ ಸೀರೆ ಉಟ್ಟು ಸಾಲಾಗಿ ನಿಲ್ಲುತ್ತವೆ. ಅವುಗಳ ನಡುವೆ ಹರಕು ಸೀರೆಯ ನಾವು ಬಿಸಿಲಲ್ಲಿ ನಿಲ್ಲುತ್ತೇವೆ.

ನಮ್ಮದು ಬೀದರ ಕಡೆಯ ಹಳ್ಳಿ. ತೋಟದ ಒಡೆಯ ವಿಶ್ವನಾಥಪ್ಪ ಸಾವಕಾರನೂ ನಮ್ಮೂರವನೇ. ನಮ್ಮೂರವನೆಂದರೆ ನಮ್ಮ ಕೇರಿಯವನಲ್ಲ. ಊರಲ್ಲಿ ಅವನ ಮನೆಯ ಕಟ್ಟೆ ಹತ್ತಲು ಬಿಡದ ನಮ್ಮನ್ನೇ ಇಲ್ಲಿಗೆ ಟೆಂಪೊದಲ್ಲಿ ತುಂಬಿಕೊಂಡು ಬಂದ. ಮರಾಠಿ ಬಾರದ ಹೆಂಗಸರು ಎಲ್ಲಿಗೂ ಓಡಿಹೋಗುವುದಿಲ್ಲ ಎಂಬ ಧೈರ್ಯ ಅವನಿಗೆ.

ಐದನೆಯ ಸಾಲಿನಲ್ಲಿ ಗಿಳಿಹಸಿರು ಬಣ್ಣದ ಸೀರೆಯೊಂದಿದೆ. ಅದು ನನ್ನ ತಂಗಿ ಸುಭದ್ರಾಳದು. ಹಿಂದಿನ ಬೇಸಿಗೆಯಲ್ಲಿ ಅದೇ ಸಾಲಿನಲ್ಲಿ ಕೆಲಸ ಮಾಡುತ್ತ ಬಿದ್ದಳು. ಮೈ ಹಂಚಿನಂತೆ ಕಾದಿತ್ತು, ಒಂದು ಹನಿ ಬೆವರಿರಲಿಲ್ಲ. ದವಾಖಾನೆ ಮುಟ್ಟುವ ಮೊದಲೇ ಹೋದಳು. ಸಾವಕಾರ ಬಂದು ನೋಡಿ, "ಆಕಿಗಿ ಮೊದಲಿಂದನೂ ಮೂರ್ಛೆ ಬ್ಯಾನಿ ಇತ್ತು" ಎಂದ. ಇರಲಿಲ್ಲ. ಈ ವರ್ಷ ಸೀರೆಗಳು ಸಾಲದೆ ಹೋದಾಗ ನರಹರಿ ನಮ್ಮ ತಗಡಿನ ಶೆಡ್ಡಿಗೆ ನುಗ್ಗಿ ಅವಳ ಬಟ್ಟೆಯ ಗಂಟು ಬಿಚ್ಚಿದ.

"ಸತ್ತಾಕಿಗಿ ಸೀರಿ ಯಾತಕ್ಕ ಬೇಕ? ಹಣ್ಣರ ಉಟ್ಟಕೊಳ್ಳಲಿ."

ನಾನು ಅವನ ಕಾಲು ಹಿಡಿದೆ. ಒದ್ದು ಹೋದ. ಅಂದಿನಿಂದ ಆ ಸೀರೆಯ ಮುಂದೆ ಹಾಯುವಾಗೆಲ್ಲ ಒಂದೇ ಮಾತು ಹೇಳಿಕೊಳ್ಳುತ್ತಿದ್ದೆ: ಇವರ ಹಣ್ಣು ಸುಡಬೇಕು. ನನ್ನ ಕಣ್ಣೆದುರಿಗೇ ಸುಡಬೇಕು.

ನನ್ನ ಮಗಳು ಮಂಜುಶ್ರೀ ಈಗ ಏಳು ತಿಂಗಳ ಬಸುರಿ. ಅವಳ ಗಂಡ ಸೂರತ್ ಕಡೆ ದುಡಿಯಲು ಹೋಗಿದ್ದಾನೆ. ಆ ದಿನ ಮಧ್ಯಾಹ್ನ ಅವಳಿಗೆ ಕಣ್ಣು ಕತ್ತಲೆ ಬಂದು ಗಿಡದ ಸೀರೆಯ ನೆರಳಿಗೆ ಸರಿದು ಕೂತಳು. ಸಾವಕಾರನ ಕಾರು ಬರುವುದಕ್ಕೂ ಅದಕ್ಕೂ ಸರಿಹೋಯಿತು. ಅವನು ಗಾಜು ಇಳಿಸಿದ. ಒಳಗಿನ ತಂಪು ಗಾಳಿ ನನ್ನ ಮೊಣಕೈಗೆ ತಾಗಿತು.

"ಏಳ ಮ್ಯಾಲ! ಟೊಂಗಿ ಮುರದ್ರ ನಿಮ್ಮಪ್ಪ ಬಂದು ಹಚ್ಚತಾನೇನ?"

"ಕಣ್ಣಿಗಿ ಕತ್ತಲಿ ಬಂತ್ರಿ, ಸಾವಕಾರ್ರ."

"ಹಣ್ಣ ದುಬೈಕ ಹೋಗತಾವ, ಅವಕ್ಕ ನೆರಳ ಬೇಕ. ನಿನ್ನ ಹೊಟ್ಟಿ ಯಾ ದೇಶಕ ಹೋಗೂದದ?"

ನರಹರಿ ಕಿಸಿಕಿಸಿ ನಕ್ಕ. ಮಗಳು ಹೊಟ್ಟೆ ಹಿಡಿದುಕೊಂಡು ಎದ್ದು ನಿಂತಳು. ನಾನು ಕೈ ಮುಗಿದೆ.

"ಸಾವಕಾರ್ರ, ನಸಕಿಲೆ ಬಂದು ಕೆಲಸ ಹಿಡೀತೀವ್ರಿ. ನಡು ಮಧ್ಯಾನ ಒಂದೀಟ ಬಿಡ್ರಿ, ಸಂಜೀಕ ಮತ್ತ ಮಾಡಿ ಕೊಡತೀವಿ. ಬಿಸಲ ಮೊದಲಿನಂಗ ಇಲ್ರಿ. ನನ್ನ ತಂಗೀನ ತಿಂತು. ಇಕಿ ಹೊಟ್ಟ್ಯಾಗಿನ ಕೂಸನ್ನರ ಉಳಸ್ರಿ."

"ಬಿಸಲ ಹೆಚ್ಚಾಗ್ಯದ ಅಂತ ಯಾರ ಹೇಳ್ಯಾರ ನಿನಗ? ಟೀವಿ ನೋಡತಿ ಏನ? ನಮ್ಮಪ್ಪನ ಕಾಲಕ್ಕೂ ಇದೇ ಬಿಸಲ. ನಿಮ್ಮವ್ವ ನಿನ್ನ ಹಡದದ್ದೂ ಇದೇ ಬಿಸಲಾಗ. ಹೊತ್ತ ಮುಳುಗೂತನಕ ಯಾರೂ ಕುಂದ್ರಂಗಿಲ್ಲ!"

ಗಾಜು ಏರಿತು.

ಆ ಭಾನುವಾರ ನಮಗೆಲ್ಲ ಮೈ ತೊಳೆದುಕೊಂಡು ಬರಲು ಹುಕುಂ ಆಯಿತು. ನಾಸಿಕದ ಪಂಚವಟಿಯಲ್ಲಿ ಕನ್ನಡದವರ ಸಂಘದ ಚರ್ಚೆ ಇತ್ತು: ಜಗತ್ತು ಬಿಸಿಯಾಗುತ್ತಿರುವುದು ನಿಜವೋ ಸುಳ್ಳೋ, ನಿಜವಾದರೆ ಅದರ ಖರ್ಚು ಹೊರುವವರು ಯಾರು. ಈ ವರ್ಷ ಪೇಪರಿನ ತುಂಬ ಅದೇ ಸುದ್ದಿಯಂತೆ. ದೊಡ್ಡ ದೊಡ್ಡ ದೇಶದವರೆಲ್ಲ ಒಂದು ಕಡೆ ಕೂಡಿ, ಜಗಳಾಡಿ, ಎದ್ದು ಹೋಗಿದ್ದರಂತೆ. ಸಾವಕಾರನ ಭಾಷಣಕ್ಕೆ ಜನ ಕಾಣಬೇಕೆಂದು ನಮ್ಮನ್ನು ಒಯ್ದರು. ಮುಂದೆ ಕುರ್ಚಿಗಳು ಖಾಲಿ ಇದ್ದವು. ನಮ್ಮನ್ನು ಹಿಂದೆ ಜಮಖಾನೆಯ ಮೇಲೆ ಕೂರಿಸಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮಂಜುಶ್ರೀ ಕುಳಿತಲ್ಲಿಯೇ ನಿದ್ದೆ ಹೋದಳು.

ಸಾವಕಾರ ಮೈಕ್ ಹಿಡಿದ.

"ಜಗತ್ತ ಬಿಸಿ ಆಗ್ಯದ ಅಂಬೋದು ಫಾರಿನ್ ಮಂದಿ ಧಂದಾ ಅದ್ರಿ. ಅವರ ಹೊಗಿ ಬಿಟ್ಟು ಬಿಟ್ಟು ಶ್ರೀಮಂತ ಆದ್ರು. ಈಗ ನಮಗ ಡೀಸೆಲ್ ಸುಡಬ್ಯಾಡ್ರಿ, ಕರೆಂಟ್ ತುಟ್ಟಿ ಮಾಡ್ರಿ ಅಂತಾರ. ಇದರ ಖರ್ಚ ಹೊರಾವ್ರ ಯಾರ್ರಿ? ನಮ್ಮಂಥ ರೈತರು!"

ಚಪ್ಪಾಳೆಯೋ ಚಪ್ಪಾಳೆ. ಅವನ ಮಾತಿನಲ್ಲಿ ಅರ್ಧ ನಿಜವೂ ಇತ್ತೇನೋ, ನನಗೆ ತಿಳಿಯದು. ರೈತ ಎಂದು ಎದೆ ತಟ್ಟಿಕೊಂಡ ಆ ಅಂಗೈಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ, ಅದು ಮಾತ್ರ ಗೊತ್ತು.

ಆಮೇಲೆ ಎದ್ದವನು ಬಾಲಕೃಷ್ಣ ಎಂಬ ಇಂಜಿನಿಯರು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ, ಮೈಸೂರು ಕಡೆಯ ಮಾತು. ಪರದೆಯ ಮೇಲೆ ಏರುವ ಗೆರೆಯೊಂದನ್ನು ತೋರಿಸಿ, "ತಾಪಮಾನ ಏರ್ತಾ ಇರೋದು ವಿಜ್ಞಾನ ಒಪ್ಪಿರೋ ಸಂಗತಿ. ಮುಂದಿನ ಪೀಳಿಗೆಗೋಸ್ಕರ ನಾವೆಲ್ಲ ಒಂದಿಷ್ಟು ತ್ಯಾಗ ಮಾಡ್ಲೇಬೇಕು" ಎಂದ. ನನ್ನ ಜೀವ ಅವನ ಕಡೆ ವಾಲಿತು.

"ಗೆರಿ ಯಾತಕ್ಕ ಬೇಕ್ರಿ?" ಸಾವಕಾರ ನಕ್ಕ. "ಬಿಸಲಾಗ ದುಡಿಯೋರು ಇಲ್ಲೇ ಕುಂತಾರ, ಅವರನ್ನೇ ಕೇಳ್ರಿ. ಏ ರುಕ್ಮಿಣಿಬಾಯಿ, ಏಳ. ಬಿಸಲಿಂದ ಏನರ ತ್ರಾಸ ಅದ ಏನ, ಹೇಳ ಎಲ್ಲಾರಿಗಿ."

ಅವನ ಬಾಯಲ್ಲಿ ನನ್ನ ಪೂರಾ ಹೆಸರು ಕೇಳಿದ್ದು ಅದೇ ಮೊದಲು. ಹಿಂದಿನಿಂದ ನರಹರಿ ಬೆನ್ನಿಗೆ ತಿವಿದ. "ಇಲ್ರಿ ಅನ್ನ. ಇಲ್ಲಾಂದ್ರ ನಿನ್ನ ಮಗಳ ರೋಡಿಗಿ."

"ನನ್ನ ತಂಗಿ ಇವರ ದಾಳಿಂಬಿ ಬಾಗಿನಾಗೇ ಬಿಸಲ ಬಡದು ಸತ್ತಳ್ರಿ" ಎಂದೆ.

ನಾನು ಇಂಜಿನಿಯರನ ಮುಖ ನೋಡಿದೆ. ಅವನು ಕನ್ನಡಕ ಸರಿ ಮಾಡಿಕೊಂಡ.

"ನಿಮ್ಮ ದುಃಖ ಅರ್ಥ ಆಗತ್ತಮ್ಮಾ. ಆದ್ರೆ ಒಂದು ಸಾವನ್ನ ಇಟ್ಕೊಂಡು ಏನೂ ಹೇಳೋಕಾಗಲ್ಲ. ಚರ್ಚೆ ವೈಯಕ್ತಿಕ ಆಗೋದು ಬೇಡ. ಕೂತ್ಕೊಳ್ಳಿ."

ಸಾವಕಾರನಿಗೆ ಅಷ್ಟೇ ಸಾಕಾಯಿತು. "ಬುಧವಾರ ಎಲ್ಲಾರೂ ನಮ್ಮ ಬಾಗಿಗಿ ಊಟಕ್ಕ ಬರ್ರಿ! ನಡು ಮಧ್ಯಾನ ಕಣ್ಣೀಲೆ ನೋಡ್ರಿ. ನಮ್ಮ ಹೆಣ್ಣಮಕ್ಕಳು ಹಾಡಕೋತ ಕೆಲಸ ಮಾಡತಾವ."

ಅವನಿಗೆ ಶಾಲು ಹೊದಿಸಿದರು. ಹೊರಗೆ ಟೆಂಪೊ ಹತ್ತುವಾಗ ನರಹರಿ ನನ್ನ ಕೆನ್ನೆಗೆ ಬಾರಿಸಿದ.

"ಬುಧವಾರ ಮುಗೀಲಿ, ಭೋಸಡಿ. ಗುರುವಾರ ತಾಯಿ ಮಗಳ ಗಂಟ ಕಟ್ರಿ."

ದಾರಿಯುದ್ದಕ್ಕೂ, ಗುರುವಾರ ಹೊರಗೆ ಬೀಳುವವಳಿಗೆ ಬುಧವಾರದ ಹೆದರಿಕೆ ಏಕೆ ಎಂದು ನನ್ನ ತಲೆಯಲ್ಲಿ ತಿರುಗುತ್ತಿತ್ತು. ಕೊನೆಗೆ ಹೆಂಗಸರಿಗೆಲ್ಲ ಕೇಳುವಂತೆ ಅಂದೆ.

"ಸಾವಕಾರಗ ಬಿಸಲೇ ಇಲ್ಲಂತ. ಬಿಸಲ ಇಲ್ಲಂದ ಮ್ಯಾಲ ಹಣ್ಣಿಗಿ ಸೀರಿ ಯಾತಕ್ಕವ್ವ?"

ಮೊದಲು ನಕ್ಕವಳು ಮಂಜುಶ್ರೀ.

ಬುಧವಾರ ಬೆಳಿಗ್ಗೆ ನರಹರಿ ಅತಿಥಿಗಳನ್ನು ತರಲು ನಾಸಿಕಕ್ಕೆ ಹೋದ. ಸಾವಕಾರ ತೋಟದ ಆಚೆ ತುದಿಯ ಬಂಗಲೆಯಲ್ಲಿ ಹೋಳಿಗೆ ಮಾಡಿಸುತ್ತ ಕೂತ. ನಾನು ನೇರ ಐದನೆಯ ಸಾಲಿಗೆ ಹೋಗಿ ಗಿಳಿಹಸಿರು ಸೀರೆಯ ಗಂಟು ಬಿಚ್ಚಿದೆ. ಮುಖಕ್ಕೆ ಒತ್ತಿಕೊಂಡೆ. ಸುಭದ್ರಾಳ ವಾಸನೆ ಎಂದೋ ಹೋಗಿತ್ತು, ಔಷಧಿ ಹೊಡೆದ ವಾಸನೆ ಮಾತ್ರ ಬಂತು. ಅಳು ಬರಲಿಲ್ಲ. ಹಲ್ಲು ಕಚ್ಚಿ ಮುಂದಿನ ಗಂಟಿಗೆ ಕೈ ಹಾಕಿದೆ.

ಸಾಲಿನ ಮೇಲೆ ಸಾಲು ಬಿಚ್ಚಿದೆವು. ಕಟ್ಟಿದ ಕೈಗೆ ಬಿಚ್ಚುವುದು ಕಷ್ಟವೇ? ಬಿಚ್ಚಿದ ಸೀರೆಗಳನ್ನು ಒಂದಕ್ಕೊಂದು ಗಂಟು ಹಾಕಿ ಶೆಡ್ಡಿನಿಂದ ಬೇವಿನ ಮರದವರೆಗೆ ಚಪ್ಪರ ಎಳೆದೆವು. ನಡುವೆ ಚಾಪೆ ಹಾಸಿ ಮಂಜುಶ್ರೀಯನ್ನು ಮಲಗಿಸಿದೆವು. ಅವಳ ತಲೆಯ ಮೇಲೆ ಚಿಕ್ಕವ್ವನ ಗಿಳಿಹಸಿರು ಸೀರೆ. ಹೊತ್ತು ನೆತ್ತಿಗೆ ಬಂದಾಗ ತೋಟದ ಗಿಡಗಳೆಲ್ಲ ಬೆತ್ತಲೆ ನಿಂತಿದ್ದವು, ಬಿಸಿಲು ಬಿದ್ದ ಮಗ್ಗುಲಿಗೆ ಕಾಯಿ ಕಂದತೊಡಗಿತ್ತು. ನಾವು ನೆರಳಲ್ಲಿ ಕೂತು ಬೀಸುವ ಪದ ಹಾಡತೊಡಗಿದೆವು.

"ಕೇಳ್ರಿ, ಹ್ಯಾಂಗ ಹಾಡಲಾಕ ಹತ್ಯಾರ!" ಸಾವಕಾರನ ದನಿ ಹತ್ತಿರ ಬಂತು. ಹೆಗಲ ಮೇಲೆ ಅದೇ ಶಾಲು, ಹಿಂದೆ ಛತ್ರಿ ಹಿಡಿದ ಅತಿಥಿಗಳ ಹಿಂಡು. ಬಂದವನು ಗಕ್ಕನೆ ನಿಂತ.

"ಹಣ್ಣ! ನನ್ನ ಹಣ್ಣ! ಬಿಸಲಿಗಿ ಸುಟ್ಟು ಹೋಗತಾವಲೇ, ಸೂಳೇಮಕ್ಕಳ್ರ್ಯಾ!"

ಎಲ್ಲರ ಎದುರು, ಅವನ ಬಾಯಿಂದಲೇ.

"ಯಾ ಬಿಸಲ್ರಿ, ಸಾವಕಾರ್ರ?" ಎಂದೆ.

ಛತ್ರಿಗಳ ಕೆಳಗೆ ಯಾರೋ ಕೆಮ್ಮಿದರು. ಇಂಜಿನಿಯರು ಮುಂದೆ ಬಂದು, "ನೋಡಿಯಮ್ಮಾ..." ಎಂದು ಶುರು ಮಾಡಿದ.

"ನೀವು ಸುಮ್ಮನ ನಿಂದರ್ರಿ, ಸಾಹೇಬ್ರ. ಒಂದ ಹಣ್ಣ ಸುಟ್ರ ಏನೂ ಹೇಳಲಾಕ ಬರಂಗಿಲ್ಲ. ಬಾಗ್ ಪೂರಾ ಸುಡಲಿ."

ನರಹರಿ ಚಪ್ಪರಕ್ಕೆ ಕೈ ಹಾಕಲು ಬಂದ. ಹೆಂಗಸರೆಲ್ಲ ಎದ್ದು ನಿಂತರು. ಎಲ್ಲರ ಕೈಯಲ್ಲೂ ಕಾಯಿ ಕತ್ತರಿಸುವ ಕತ್ತರಿ. ಅವನು ಹಿಂದಕ್ಕೆ ಸರಿದು ಜೇಬಿನಿಂದ ಫೋನು ತೆಗೆದ.

ಸಾವಕಾರ ಸಾಲಿನೊಳಗೆ ಓಡಿದ. ಹೆಗಲ ಶಾಲು ಕಿತ್ತು ಒಂದು ಗಿಡಕ್ಕೆ ಹೊದಿಸಿದ. ಅಂಗಿ ಬಿಚ್ಚಿ ಇನ್ನೊಂದಕ್ಕೆ ಹೊದಿಸಿದ. ಮೂರನೆಯ ಗಿಡಕ್ಕೆ ಏನೂ ಉಳಿಯಲಿಲ್ಲ, ಎರಡೂ ಕೈ ಅಗಲಿಸಿ ತಾನೇ ಅಡ್ಡ ನಿಂತ. ಅತಿಥಿಗಳು ಒಬ್ಬೊಬ್ಬರಾಗಿ ಊಟದ ಕಡೆ ಹೊರಳಿದರು. ಅವನ ಬೋಳು ಬೆನ್ನು ಕೆಂಪಗಾಗುವುದನ್ನು ನಾನು ಕಣ್ತುಂಬ ನೋಡಿದೆ. ಇಷ್ಟು ತಂಪು ನನ್ನ ಜೀವಕ್ಕೆ ಎಂದೂ ಆಗಿರಲಿಲ್ಲ.

ಬಹಳ ಹೊತ್ತಿನ ಮೇಲೆ ಸಾವಕಾರ ತೂರಾಡುತ್ತ ಬಂದು ನಮ್ಮ ಚಪ್ಪರದ ಅಂಚಿಗೆ ಕುಕ್ಕರಿಸಿದ. ತುಟಿ ಒಣಗಿ ಬಿಳಿಚಿತ್ತು.

"ಕಣ್ಣಿಗಿ ಕತ್ತಲಿ ಬರಾಕ ಹತ್ಯದ..."

ಹೆದ್ದಾರಿ ಬಿಟ್ಟು ಪೊಲೀಸರ ಜೀಪೊಂದು ಧೂಳೆಬ್ಬಿಸುತ್ತ ತೋಟದ ಕಡೆ ತಿರುಗಿತು. ನಾನು ನೋಡಿದೆ, ಏಳಲಿಲ್ಲ. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಕಡೆ ತಿರುಗಿದೆ.

"ಏಳ್ರಿ ಮ್ಯಾಲ, ಸಾವಕಾರ್ರ. ಹೊತ್ತ ಇನ್ನಾ ಮುಳುಗಿಲ್ಲ."