ಅರ್ಧ ಸೂರ್ಯನ ಪಾಕೀಟು

ನಿಂಬೆವ್ವ ಆ ಪಾಕೀಟನ್ನು ಕೈಯಲ್ಲಿ ಹಿಡಿದು ಒಮ್ಮೆ ಸುತ್ತಲೂ ತಿರುಗಿಸಿ ನೋಡಿದ್ದನ್ನು ನಾನು ಕಂಡಿದ್ದೆ. ಕಂಡೂ ಸುಮ್ಮನಿದ್ದೆ. ಮುಂದಿನ ಸಂತೆಯ ದಿನ ಆಕೆ ಬಾರದೇ ಹೋದಾಗ ನನಗೆ ಮೊದಲು ನೆನಪಾದದ್ದು ಅದೇ.

ಪಾಕೀಟು ಮಾಡಿದವಳು ಸಪ್ನಾ, ನಮ್ಮ ಪಕ್ಕದ ಮನೆಯ ಹುಡುಗಿ. ಆಳಂದದ ಬಜಾರಿನಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ನಾಲ್ಕು ವರ್ಷ ಅದೇ ಗಣಪತಿ, ಅದೇ ಕಳಸ, ಅದೇ ಬಾಳೆಕಂಬಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಜೋಡಿಸಿ ಸಾಕಾಗಿ, ಕಮರ್ಷಿಯಲ್ ಆರ್ಟ್ ಕಲಿಸುವ ಆನ್‌ಲೈನ್ ಕ್ಲಾಸಿಗೆ ಸೇರಿಕೊಂಡಳು. ನಮ್ಮ ಪಡಸಾಲೆಯ ಕಿಟಕಿಯ ಹತ್ತಿರ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ. ಹಾಗಾಗಿ ರವಿವಾರ ಹತ್ತು ಗಂಟೆಗೆ ಆಕೆಯ ಕ್ಲಾಸು ನಮ್ಮ ಮನೆಯಲ್ಲೇ. ನಾನು ಪಕ್ಕದಲ್ಲಿ ಪಲ್ಯದ ಸೊಪ್ಪು ಸೋಸುತ್ತಾ ಕೂತು ಅರ್ಧ ಪಾಠ ಕಲಿತುಬಿಟ್ಟಿದ್ದೇನೆ.

ಕಲಿಸುವವರು ಧಾರವಾಡದ ಅನುರಾಧಾ ಮೇಡಂ. ವಾರಕ್ಕೊಂದು ಅಸೈನ್‌ಮೆಂಟು. ಸಾಬೂನಿನ ಡಬ್ಬಿ ಆಯಿತು, ಮಸಾಲೆ ಖಾರದ ಪಾಕೀಟು ಆಯಿತು. ಏಳನೆಯದಕ್ಕೆ ಅವರು ಹೇಳಿದ್ದು ಇಷ್ಟು: ನಿಮ್ಮ ಊರಿನ ಒಂದು ನಿಜವಾದ ಅಂಗಡಿಗೆ ಬೇಕಾದ ಒಂದು ವಸ್ತು ಮಾಡಿ, ಒಂದು ಅಕ್ಷರವನ್ನೂ ಬಳಸಬೇಡಿ, ಹತ್ತು ಜನರಿಗೆ ತೋರಿಸಿ ಎಷ್ಟು ಜನರಿಗೆ ತಿಳಿಯಿತು ಎಂದು ಬರೆದು ಕಳಿಸಿ. ಚೆನ್ನಾಗಿ ಮಾಡಿದ ಒಬ್ಬರ ಹೆಸರನ್ನು, ದವಾಖಾನೆಗಳಿಗೆ ಚಿತ್ರಪಟ ಮಾಡಿಕೊಡುವ ಒಂದು ಸಂಸ್ಥೆಗೆ ಅವರು ಹೇಳುವವರಿದ್ದರು. ಮನೆಯಲ್ಲೇ ಕೂತು ಮಾಡುವ ಕೆಲಸ. ಸಪ್ನಾ ಆ ದಿನದಿಂದ ಬಾಳೆಕಂಬದ ಮಾತೇ ಎತ್ತಲಿಲ್ಲ.

ಬಸ್‌ಸ್ಟ್ಯಾಂಡಿನ ಎದುರಿಗೆ ಬುರಾನುದ್ದೀನನ ಔಷಧದ ಅಂಗಡಿ ಇದೆ. ನಾನು ಜೇವರ್ಗಿಯ ಶಾಲೆಯಲ್ಲಿದ್ದಾಗ ಆತ ನನ್ನ ವಿದ್ಯಾರ್ಥಿ. ಓದು ಬಾರದವರಿಗೆ ಪ್ರತಿ ಗುಳಿಗೆಯನ್ನೂ ಎರಡು ಸಲ ಹೇಳಿ ಕೊಡುತ್ತಾನೆ. ಬಸ್ಸು ಹತ್ತಿದವರು ಇಳಿದು ಬಂದು ಮತ್ತೆ ಕೇಳಿದರೂ ಮುಖ ಸಿಂಡರಿಸುವುದಿಲ್ಲ. ಅವನಿಗಾಗಿ ಸಪ್ನಾ ಮೂರು ಬಗೆಯ ಗುಳಿಗೆ ಪಾಕೀಟು ಮಾಡಿದಳು. ಮುಂಜಾನೆಯದಕ್ಕೆ ಹಳದಿ ಹೂ ಬಿಟ್ಟ ತೊಗರಿ ಹೊಲ, ಅದರ ಅಂಚಿನಲ್ಲಿ ಕೆಂಪಗೆ ಅರ್ಧ ಸೂರ್ಯ. ಮಧ್ಯಾಹ್ನದ್ದಕ್ಕೆ ಬೇವಿನ ಮರದ ನೆತ್ತಿಯ ಮೇಲೆ ಇಡೀ ಸೂರ್ಯ. ರಾತ್ರಿಯದಕ್ಕೆ ಚಂದ್ರ, ಚುಕ್ಕಿ. ಕಣ್ಣಿಗೆ ಹಬ್ಬ.

ಸಂತೆಯ ದಿನ ಅಂಗಡಿಯ ಮುಂದೆ ನಿಂತು ಹತ್ತು ಜನರಿಗೆ ತೋರಿಸಿದಳು. ನಾನೂ ಜೊತೆಗಿದ್ದೆ.

"ಯಾವಾಗ ಯಾವ್ದು ತಗೋಬೇಕಂತ ತಿಳೀತೇನ್ರಿ?"

"ತಿಳೀದೇನವ್ವಾ! ಬಣ್ಣ ನೋಡು, ಹ್ಯಾಂಗ ಹೊಳೀತದ."

ಹಮಾಲಿ ಮಾಡುವ ಮುಕ್ರಮನಂತೂ, "ಇದನ್ನ ಹರಿಯಾಕ ಮನಸ್ಸು ಬರಂಗಿಲ್ರಿ. ಗ್ವಾಡಿಗೆ ಹಚ್ಚತೇನಿ" ಎಂದ.

ಹತ್ತನೆಯವಳು ನಿಂಬೆವ್ವ. ನರೋಣಾದವಳು, ಸಂತೆಗೊಮ್ಮೆ ನಮ್ಮ ಮನೆಗೆ ಬೆಣ್ಣೆ ತರುತ್ತಾಳೆ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಅರ್ಧ ಸೂರ್ಯನ ಪಾಕೀಟನ್ನು ತಿರುಗಿಸಿ ನೋಡಿ, ಸಪ್ನಾಳ ಮುಖ ನೋಡಿ, "ತಿಳೀತವ್ವಾ, ಭಾಳ ಛಲೋ ಆಗ್ಯಾದ" ಎಂದಳು. ಬುರಾನುದ್ದೀನ ಆಕೆಯ ಹತ್ತು ದಿನದ ಗುಳಿಗೆಗಳನ್ನು ಅವೇ ಪಾಕೀಟುಗಳಲ್ಲಿ ಹಾಕಿ ಕೊಟ್ಟ. ತಿಳೀತು ಎಂದಳಲ್ಲ, ಹಾಗಾಗಿ ಎಂದಿನಂತೆ ಎರಡು ಸಲ ಹೇಳಲಿಲ್ಲ.

ಹತ್ತಕ್ಕೆ ಹತ್ತು ಎಂದು ಸಪ್ನಾ ಬರೆದು ಕಳಿಸಿದಳು. ರವಿವಾರ ಅನುರಾಧಾ ಮೇಡಂ ಎಲ್ಲರ ಎದುರಿಗೆ ಹೊಗಳಿ, "ಬರೋ ವಾರ ನಿನ್ನ ಹೆಸರ ಕಳಸ್ತೇನಿ" ಎಂದರು.

ಮರುಸಂತೆಗೆ ಬೆಣ್ಣೆ ಬರಲಿಲ್ಲ. ಮಧ್ಯಾಹ್ನ ಮೂರರವರೆಗೆ ಕಾದೆ. ನಿಂಬೆವ್ವನ ಮಗನ ಫೋನು ಸ್ವಿಚ್ ಆಫ್. ಚಪ್ಪಲಿ ಮೆಟ್ಟಿಕೊಂಡು ಬುರಾನುದ್ದೀನನ ಅಂಗಡಿಗೆ ಹೋಗಿ, ಆಕೆ ಗುಳಿಗೆ ಅದಲುಬದಲು ಮಾಡಿಕೊಂಡಿರಬಹುದೇ ಎಂದು ಕೇಳಿದೆ.

"ಅಕ್ಕೋರೇ, ನಾನೂ ಅದೇ ವಿಚಾರ ಮಾಡಾಕತ್ತೇನಿ" ಎಂದ. "ಮುಂಜಾನಿಂದು ಸಕ್ರಿ ಗುಳಿಗಿ. ರಾತ್ರಿ ತಗೊಂಡು ಉಣ್ಣದೇ ಮಲಗಿದ್ರ ಸಕ್ರಿ ಒಮ್ಮೆಲೆ ಇಳೀತದ." ಆಮೇಲೆ ದನಿ ತಗ್ಗಿಸಿದ. "ಖರೇ ಹೇಳ್ಬೇಕಂದ್ರ ನನಗೂ ಆ ಚಿತ್ರ ನೋಡಿ ಅನುಮಾನ ಇತ್ತು. ಪಾಕೀಟಿನ ಹಿಂದ ಪೆನ್ಸಿಲ್‌ಲೆ ಸಣ್ಣಗ ಬರದೀನಿ. ಆದ್ರ ಆಕಿಗೆ ಓದಾಕ ಬರಂಗಿಲ್ಲ. ಹುಡುಗಿಗೆ ಹೇಳಬ್ಯಾಡ್ರಿ, ಬ್ಯಾಸರ ಮಾಡ್ಕೋತಾಳ."

ಆತನೂ ನೋಡಿದ್ದ. ನನ್ನಂತೆ ಆತನೂ ಸುಮ್ಮನಿದ್ದ.

ಸಪ್ನಾ ಕೆಲಸ ಮಾಡುವ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ನಿಂಬೆವ್ವ ಪಾಕೀಟು ತಿರುಗಿಸಿದ್ದು, ನಾನು ಕಂಡದ್ದು, ಬಾಯಿ ಬಿಡದೇ ಇದ್ದದ್ದು. ಸಪ್ನಾ ಮೌಸಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು. ನನ್ನನ್ನು ಬೈಯಲಿಲ್ಲ.

"ನಡೀರಿ ಆಯಿ, ನರೋಣಾಕ್ಕ ಹೋಗೂಣು."

ಬಸ್ಸು ತುಂಬಿತ್ತು. ಒಬ್ಬ ಹೆಣ್ಣುಮಗಳು ತನ್ನ ಬದನೆಕಾಯಿ ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡು ನನಗೆ ಜಾಗ ಮಾಡಿಕೊಟ್ಟಳು. ಸಪ್ನಾ ಕಂಬಿ ಹಿಡಿದು ನಿಂತೇ ಇದ್ದಳು. ದಾರಿಯುದ್ದಕ್ಕೂ ಒಂದೇ ಮಾತು ಆಡಿದ್ದು. "ಆಕಿಗೇನಾರ ಆಗಿದ್ರ ನಾ ಮತ್ತ ಪೆನ್ ಹಿಡಿಯಂಗಿಲ್ಲ ಆಯಿ."

ನಾನು ಆಕೆಯ ಮಣಿಕಟ್ಟು ಹಿಡಿದುಕೊಂಡೆ.

ನಿಂಬೆವ್ವನ ಮನೆ ಊರಿನ ಕೊನೆಗೆ. ದೂರದಿಂದಲೇ ಬಾಗಿಲು ತೆರೆದಿದ್ದು ಕಂಡಿತು, ಆದರೆ ಅಂಗಳದಲ್ಲಿ ಯಾರೂ ಇರಲಿಲ್ಲ. ಸಪ್ನಾ ಓಡಿದಳು. ನಾನು ಮುಟ್ಟುವ ಹೊತ್ತಿಗೆ ಕೊಟ್ಟಿಗೆಯ ಕಡೆಯಿಂದ ದೊಡ್ಡ ದನಿ ಕೇಳಿಸಿತು.

"ಅಯ್ಯ! ಅಕ್ಕೋರೂ ಬಂದಾರ! ಗಿಣ್ಣದ ವಾಸನಿ ಆಳಂದತನಾ ಬಂತೇನ್ರಿ?"

ನಿಂಬೆವ್ವ ಮೊಣಕೈತನಕ ಹೊಟ್ಟು ಮೆತ್ತಿಕೊಂಡು ನಿಂತಿದ್ದಳು. ಹಿಂದಿನ ದಿನ ಎಮ್ಮೆ ಈದಿತ್ತು. ಬಿಟ್ಟು ಬರಲಾಗಲಿಲ್ಲ, ಅಷ್ಟೇ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಸಪ್ನಾ ಕರುವಿನ ಬೆನ್ನ ಮೇಲೆ ಕೈಯಿಟ್ಟು ಅಳುತ್ತಿದ್ದಳು.

"ಇದ್ಯಾಕ ಅಳತದ ಈ ಹುಡುಗಿ? ಹೆಣ್ಣುಕರಾನೇ ಹಾಕ್ಯಾದ!"

ಒಂದೊಂದು ಬಟ್ಟಲು ಗಿಣ್ಣ ತಿಂದ ಮೇಲೆ ನಾನು ಕೇಳಿದೆ. "ಗುಳಿಗಿ ತಗೊಳ್ಳಾಕತ್ತೀಯೇನ ನಿಂಬೆವ್ವ?"

"ಹೌದ್ರಿ."

"ಯಾವಾಗ ಯಾವ್ದು?"

ಆಕೆ ಸಪ್ನಾಳ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು. ಸಪ್ನಾ ಹತ್ತಿರ ಸರಿದು ಕೂತಳು. "ಖರೇ ಹೇಳವ್ವಾ. ನಾ ಸಿಟ್ಟಾಗಂಗಿಲ್ಲ. ನಿನ್ನಾಣಿ."

ನಿಂಬೆವ್ವ ಬಾಗಿಲಿನಾಚೆ ಕೈ ಮಾಡಿದಳು. ಎದುರಿಗೆ ತೊಗರಿ ಹೊಲ, ಅದರ ಮೇಲೆ ಇಳಿಯುತ್ತಿದ್ದ ಹೊತ್ತು.

"ನಮ್ಮ ಬಾಗಲಾ ಪಡುವಣಕ್ಕ ಅದ. ಹೊತ್ತು ಹುಟ್ಟೂದು ನಾ ಒಂದು ದಿನಾನೂ ನೋಡಿಲ್ಲ, ಆಗ ಒಲಿ ಮುಂದ ಇರ್ತೇನಿ. ತೊಗರಿ ಮ್ಯಾಲ ಅರ್ಧ ಸೂರ್ಯ ಅಂದ್ರ ನನಗ ಸಂಜೀನೇ."

ಸಪ್ನಾ ಬಾಗಿಲಿನಿಂದ ಆ ಹೊಲವನ್ನು ನೋಡುತ್ತಲೇ ಇದ್ದಳು. ಥೇಟು ಆಕೆಯ ಚಿತ್ರವೇ.

"ಸಂಜೀಕ ತಗೊಂಡಿಯೇನು ಮತ್ತ?" ಎಂದೆ.

"ಇಲ್ರಿ. ಅವತ್ತು ಬಸ್ಸಿನಾಗ ಕಂಡಕ್ಟರ್ ಚಂದಪ್ಪಗ ತೋರ್ಸಿದೆ. ಸಂಜೀದು ಇದೇ ಅಲ್ಲೇನಪಾ ಅಂದೆ. ಆತ ಹಿಂದ ತಿರುವಿ ನೋಡಿ, ಏ ಅಲ್ಲಬೇ, ಇಲ್ಲಿ ಮುಂಜಾನಿ ಅಂತ ಪೆನ್ಸಿಲ್‌ಲೆ ಬರದಾರ ಅಂದ. ನಾ ಮರೀತೇನಿ ಅಂತ ಇಳಿಯೋ ಮುಂದ ಮತ್ತೊಮ್ಮೆ ಹೇಳಿದ. ಮನಿಗೆ ಬಂದಾಕಿನೇ ಅದನ್ನ ಚಾಪುಡಿ ಡಬ್ಬಿಯಾಗ ಇಟ್ಟೆ. ಮಧ್ಯಾಹ್ನದ್ದು ರೊಟ್ಟಿ ಬುಟ್ಯಾಗ. ರಾತ್ರೀದು ತಲಿದಿಂಬಿನ ಕೆಳಗ. ಈಗ ಮರೆಯೂ ಮಾತೇ ಇಲ್ಲ."

"ಮತ್ತ ಅವತ್ತು ನನ್ನ ಮುಂದ ತಿಳೀತು ಅಂದ್ಯಲ್ಲ?"

"ಸಣ್ಣ ಕೂಸಿನಂಗ ನಕ್ಕೋತ ನಿಂತಿದ್ದಿ, ತಂಗಿ. ಇಲ್ಲ ಅಂತ ಯಾವ ಬಾಯೀಲೆ ಅನ್ಲಿ?"

ಸಪ್ನಾ ಎದ್ದು ಒಳಗೆ ಹೋಗಿ ಚಹಾಪುಡಿಯ ಡಬ್ಬಿ, ರೊಟ್ಟಿ ಬುಟ್ಟಿ, ದಿಂಬು ಮೂರರ ಫೋಟೋ ತೆಗೆದುಕೊಂಡಳು. ಮರಳುವ ಬಸ್ಸಿನಲ್ಲಿ ಫೋನಿನ ಮೇಲೆ ಬೆರಳಿನಿಂದಲೇ ಏನೋ ಗೀಚುತ್ತಿದ್ದಳು. ನನ್ನ ಮಡಿಲಲ್ಲಿ ನಿಂಬೆವ್ವ ಕಟ್ಟಿಕೊಟ್ಟ ಗಿಣ್ಣದ ಡಬ್ಬಿ ಬೆಚ್ಚಗಿತ್ತು.

ರವಿವಾರ ಕ್ಲಾಸು ಶುರುವಾದ ಕೂಡಲೇ ಸಪ್ನಾ ಮೈಕು ಆನ್ ಮಾಡಿದಳು.

"ಮೇಡಂ, ನನ್ನ ಹತ್ತಕ್ಕೆ ಹತ್ತು ಖರೇ ಅಲ್ಲ. ಒಬ್ಬರಿಗಂತೂ ತಿಳಿದೇ ಇರಲಿಲ್ಲ. ನನಗೆ ಬೇಸರ ಆಗಬಾರದು ಅಂತ ಹೂಂ ಅಂದಿದ್ದರು. ನನ್ನ ಹೆಸರು ಕಳಿಸಬೇಡ್ರಿ."

ನಾನು ಸೋಸುತ್ತಿದ್ದ ಮೆಂತ್ಯೆ ಪಲ್ಯವನ್ನು ಕೆಳಗಿಟ್ಟೆ. ಪರದೆಯ ಮೇಲೆ ಅನುರಾಧಾ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಶುಕ್ರವಾರತನಕ ಟೈಮ್ ಕೊಡ್ತೇನಿ. ಹೊಸಾ ಚಿತ್ರ ಮಾಡ್ತಿ, ಗೊತ್ತದ. ಆದ್ರ ಈ ಸಲ ಜನರನ್ನ ಹೆಂಗ ಕೇಳ್ತಿ?"

ಆ ಪ್ರಶ್ನೆ ಹಿಡಿದು ಸಪ್ನಾ ಎರಡು ದಿನ ತಲೆ ಕೆಡಿಸಿಕೊಂಡಳು. ಕೊನೆಗೆ ದಾರಿ ತೋರಿಸಿದವನು ಬುರಾನುದ್ದೀನ. "ಕೇಳಾಕ ಹೋಗಬ್ಯಾಡವ್ವ. ಕೇಳಿದ್ರ ಎಲ್ಲಾರೂ ಛಲೋ ಅಂತಾರ. ಕೆಲಸಾ ಹಚ್ಚು."

ಬುಧವಾರ ಮೂರು ಪಾಕೀಟಿನಲ್ಲೂ ಪೆಪ್ಪರಮೆಂಟು ತುಂಬಿದಳು. ಒಂದರ ಮೇಲೆ ಹೊಗೆಯಾಡುವ ಚಹಾದ ಕಪ್-ಬಸಿ, ಒಂದರ ಮೇಲೆ ರೊಟ್ಟಿ, ಇನ್ನೊಂದರ ಮೇಲೆ ದಿಂಬು. ಹೊಲವಿಲ್ಲ, ಹೂವಿಲ್ಲ, ಬಿಳಿ ಕಾಗದದ ಮೇಲೆ ದಪ್ಪ ಗೆರೆ. ಬುರಾನುದ್ದೀನನ ಅಂಗಡಿಗೆ ಬಂದವರ ಕೈಗೆ ಮೂರನ್ನೂ ಕೊಟ್ಟು, "ರಾತ್ರಿ ಗುಳಿಗಿ ಇರೋದು ನನಗ ಕೊಡ್ರಿ, ಉಳಿದಿದ್ದು ನೀವು ತಿನ್ರಿ" ಎನ್ನುತ್ತಿದ್ದಳು.

ಒಂಬತ್ತು ಜನ ದಿಂಬಿನದನ್ನು ತಟ್ಟನೆ ಕೊಟ್ಟರು. ಹತ್ತನೆಯವರು ಅಫಜಲಪುರದಿಂದ ಮಗಳ ಮನೆಗೆ ಬಂದಿದ್ದ ಹಣಮಂತರಾಯರು. ಚಹಾದ ಪಾಕೀಟನ್ನೇ ಮುಂದೆ ಚಾಚಿದರು.

"ಅಜ್ಜಾರೇ, ರಾತ್ರೀದು ಕೇಳಿದ್ನಿರಿ."

"ಹೌದು. ಮಲಗೂ ಮುಂದ ನನಗ ಚಾ ಬೇಕು. ಅದಿಲ್ಲಂದ್ರ ನಿದ್ದಿ ಹತ್ತಂಗಿಲ್ಲ."

ಬುರಾನುದ್ದೀನ ಬಿಲ್ಲಿನ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕ. ಸಪ್ನಾ ಒಂಬತ್ತು ಎಂದೇ ಬರೆದಳು. ಹಣಮಂತರಾಯರ ರಾತ್ರಿ ಚಹಾದ ವಿಷಯವನ್ನೂ ಕೆಳಗೆ ಸೇರಿಸಿದಳು.

ಶುಕ್ರವಾರ ಸಂಜೆ ಮೇಡಂ ಅವರ ಸಂದೇಶ ಬಂತು. ಸಪ್ನಾ ಫೋನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿ ನಿಂತಳು. ನಾನು ಗಟ್ಟಿಯಾಗಿ ಓದಿದೆ: "ನಿನ್ನ ಹೆಸರು ಕಳಿಸಿದ್ದೇನೆ. ಆ ಅಜ್ಜನ ಮಾತನ್ನು ಬರೆದಿದ್ದಕ್ಕೇ ಕಳಿಸಿದ್ದೇನೆ." ಆಕೆ ಕಣ್ಣು ತೆರೆಯದೆಯೇ ನನ್ನ ಭುಜಕ್ಕೆ ತಲೆ ಆನಿಸಿದಳು. ನಾಲ್ಕು ವರ್ಷದ ಬಾಳೆಕಂಬಗಳ ಭಾರ ಅಲ್ಲಿ ಇಳಿದಂತಿತ್ತು.

ಮರುಸಂತೆಗೆ ನಿಂಬೆವ್ವ ಬೆಣ್ಣೆ ತಂದಳು. ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವಾಗ ಸಪ್ನಾ ಹೊಸ ಪಾಕೀಟುಗಳನ್ನು ಆಕೆಯ ಮುಂದಿಟ್ಟಳು, ಏನೂ ಕೇಳಲಿಲ್ಲ. ನಿಂಬೆವ್ವ ಚಹಾದ್ದನ್ನು ನೋಡಿ ತಲೆಯಾಡಿಸಿದಳು. ರೊಟ್ಟಿಯದನ್ನು ನೋಡಿ ತಲೆಯಾಡಿಸಿದಳು. ಮೂರನೆಯದನ್ನು ಕಣ್ಣಿನ ಹತ್ತಿರ ಹಿಡಿದಳು. ನನ್ನ ಮುಖ ನೋಡಿದಳು, ಸಪ್ನಾಳ ಮುಖ ನೋಡಿದಳು. ಹೇಳಲೋ ಬೇಡವೋ ಎಂದು ಬಾಯಲ್ಲಿ ಮಾತು ಹೊರಳಾಡುತ್ತಿದ್ದುದು ನನಗೆ ಕಾಣುತ್ತಿತ್ತು.

"ಹೇಳು ನಿಂಬೆವ್ವ" ಎಂದೆ. ಈ ಸಲ ನಾನು ಸುಮ್ಮನಿರಲಿಲ್ಲ.

"ಈ ದಿಂಬು ಛಲೋ ಇಲ್ಲವ್ವಾ" ಎಂದಳು. "ಭಾಳ ತೆಳ್ಳಗದ. ಕುತಗಿ ನೋಯ್ತದ."

ಸಪ್ನಾ ಜೋರಾಗಿ ನಕ್ಕಳು. ಪೆನ್ನು ತೆಗೆದುಕೊಂಡು ಅಲ್ಲೇ ನೆಲದ ಮೇಲೆ ಕೂತು, "ಇಷ್ಟು ಸಾಕೇನು?" ಎನ್ನುತ್ತಾ ದಿಂಬಿಗೆ ಹತ್ತಿ ತುಂಬತೊಡಗಿದಳು.

"ಇನ್ನೊಂಚೂರು" ಎಂದಳು ನಿಂಬೆವ್ವ.