ಮೊದಲು ಅಂಗೈ, ಆಮೇಲೆ ದಾರ

ನಮ್ಮ ಅಂಗಡಿಯಲ್ಲಿ ಕೂರಿಸಿದ ಗಾಜಿನಿಂದ ಒಂದು ತೊಟ್ಟು ನೀರು ಒಳಗೆ ಬಂದಿದೆ ಎನ್ನುವವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ, ನಾನು ಮಾತಾಡುತ್ತೇನೆ. ಹಳೆಯ ಕಾರುಗಳ ಗಾಜು, ರಬ್ಬರು, ಕ್ರೋಮ್ ಪಟ್ಟಿ, ಅಪ್ಪನ ಕಾಲದಿಂದ ಇದೇ ನಮ್ಮ ಕೆಲಸ. ಜಂಬ ಅನ್ನುವವರು ಅನ್ನಲಿ. ಇರುವವಳಿಗೆ ತಾನೇ ಜಂಬ.

ಕಪ್ಪು ಚುಕ್ಕೆ ಅಂತ ಇರುವುದು ಒಂದೇ. ಆರು ವರ್ಷದ ಹಿಂದೆ ಒಂದು ಕಾರಿನ ಮುಂದಿನ ಗಾಜು ಒಡೆಯಿತು. ಹೊರಗಿನಿಂದ ಒತ್ತುತ್ತಿದ್ದವನು ನನ್ನ ತಮ್ಮ, ಒಳಗೆ ಕೂತು, ರಬ್ಬರನ್ನು ಒಳಕ್ಕೆ ತರುವ ದಾರ ಎಳೆಯುತ್ತಿದ್ದವಳು ನಾನು. ಇಡೀ ಗಾಜು ಹರಳುಪ್ಪಿನಂತೆ ನನ್ನ ಮಡಿಲಿಗೆ ಸುರಿಯಿತು. ಅಪ್ಪ, ಗಿರಾಕಿ, ಪಕ್ಕದ ಶೆಡ್ಡಿನ ಟಿಂಕರ್, ಎಲ್ಲರೂ ನೋಡುತ್ತ ನಿಂತಿದ್ದರು.

"ಅಕ್ಕ, ದಾರ ಸ್ವಲ್ಪ..." ಎಂದು ತಮ್ಮ ಬಾಯಿ ತೆರೆದ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಅಂದೆ ನಾನು.

ಎಲ್ಲರೂ ನಕ್ಕರು. ಅವನು ಬಾಯಿ ಮುಚ್ಚಿದ. ಸಂಜೆಯೊಳಗೆ ಟಿಂಕರ್ ಅವನಿಗೆ ಚೂರಪ್ಪ ಎಂದು ಹೆಸರಿಟ್ಟ, ಬೀದಿಯೆಲ್ಲ ಅದನ್ನೇ ಹಿಡಿದುಕೊಂಡಿತು. ಸುಳ್ಳು ಯಾಕೆ ಹೇಳಲಿ, ನಾನೂ ಒಂದೆರಡು ಸಲ ಹಾಗೆ ಕರೆದಿದ್ದೇನೆ. ಅಲ್ಲಿಂದಾಚೆ ಅವನು ಮುಂದಿನ ಗಾಜು ಮುಟ್ಟಲಿಲ್ಲ. ರಬ್ಬರು ಕತ್ತರಿಸುವುದು, ಪಟ್ಟಿಗೆ ಹೊಳಪು ಕೊಡುವುದು, ಅಷ್ಟೇ. ಗಾಜು ಒತ್ತುವ ಕೆಲಸ ನನ್ನದಾಯಿತು. ದಾರಕ್ಕೆ ಟಿಂಕರನನ್ನು ಕೂರಿಸುತ್ತಿದ್ದೆ. "ನಾನು ಹೇಳಿದಾಗ ಮಾತ್ರ ಎಳೀಬೇಕು. ಇಲ್ಲದಿದ್ರೆ ಚಹಾ ಇಲ್ಲ," ಎಂದು ಅವನಿಗೆ ಪ್ರತಿ ಸಲವೂ ಹೇಳಿಯೇ ಶುರು ಮಾಡುತ್ತಿದ್ದೆ.

ಹೀಗಿರುವಾಗ ನರ್ಸಮ್ಮನ ಕಾರು ಬಂತು. ಈ ಊರಿನ ಅರ್ಧ ಜನರಿಗೆ ಹೆರಿಗೆ ಮಾಡಿಸಿದಾಕೆ, ಆ ಕಾರಿನಲ್ಲೇ ಮನೆಮನೆಗೆ ಓಡಾಡಿದಾಕೆ. ಎಪ್ಪತ್ತೆಂಟಾದರೂ ಈಗಲೂ ಸ್ಟಿಯರಿಂಗ್ ಬಿಟ್ಟಿಲ್ಲ. ರಬ್ಬರು ಒಣಗಿ ಕಲ್ಲಾಗಿತ್ತು, ಮಳೆ ಬಂದರೆ ಅವರ ಪಾದದ ಮೇಲೆ ನೀರು. ಗಾಜು ಬಿಚ್ಚಿ, ಕಾರಿಗೆ ಹೊಸ ಬಣ್ಣ ಹೊಡೆಸಿಯಾಗಿತ್ತು. ಆ ಅಳತೆಯ ಗಾಜು ಮಾಡುವವರು ಈಗ ಯಾರೂ ಇಲ್ಲ. ಇದು ಹೋದರೆ ಇನ್ನೊಂದಿಲ್ಲ.

"ಗಾಜು ಹೋದರೆ ಕಾರು ಗುಜರಿಗೆ, ನಾನು ಮನೆ ಮೂಲೆಗೆ. ನೋಡಿ ಮಾಡಿ," ಎಂದು ನರ್ಸಮ್ಮ ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು.

ನನ್ನ ಬಲಭುಜ ಹಿಡಿದುಕೊಂಡು ತಿಂಗಳಾಗಿತ್ತು. ತಲೆ ಬಾಚಿಕೊಳ್ಳಲು ಆಗದವಳು ಗಾಜು ಒತ್ತುವುದುಂಟೇ? ಟಿಂಕರನಿಗೆ ದಾರ ಎಳೆಯಲು ಬರುತ್ತದೆ, ಒತ್ತುವ ಹದ ಮಾತ್ರ ಆ ಸುತ್ತಿಗೆಯ ಕೈಗೆ ಬಾರದು. ಉಳಿದವನು ತಮ್ಮ.

"ನೀನೇ ಒತ್ತಬೇಕು ಕಣೋ," ಅಂದೆ.

"ದಾರ ಯಾರು ಎಳೀತಾರೆ?"

"ನಾನೇ. ಎಡಗೈ ಇದೆಯಲ್ಲ."

ನಿಜ ಹೇಳುತ್ತೇನೆ, ನನಗೆ ಅವನ ಮೇಲೆ ನಂಬಿಕೆ ಇರಲಿಲ್ಲ. ಅವನು ಒತ್ತುವಾಗ ಒಳಗೆ ನಾನೇ ಇರಬೇಕು ಎಂಬ ಹಟ. ಅವನು ತನ್ನ ಅಂಗೈಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡ.

"ಇದೂ ಒಡೆದ್ರೆ ನಾನು ಈ ಅಂಗಡಿಗೆ ಕಾಲಿಡಲ್ಲ ಅಕ್ಕ," ಅಂದ. ಬಾಯಿಮಾತಿಗೆ ಹೇಳುವವನಲ್ಲ ಅವನು. ಅದು ನನಗೂ ಗೊತ್ತಿತ್ತು. ಆದರೆ ಈ ನಾಲಿಗೆ ಕೇಳಬೇಕಲ್ಲ.

"ಒಡೆಯೋ ಮಾತು ಬಿಟ್ಟು ಸೋಪಿನ ನೀರು ಕಲಸು," ಅಂದೆ.

ಮೇಜಿನ ಮೇಲೆ ಕಂಬಳಿ ಹಾಸಿ ಗಾಜು ಮಲಗಿಸಿದೆವು. ಹೊಸ ರಬ್ಬರು ಮುಂದೆ ಕುಗ್ಗುತ್ತದೆಂದು ನನ್ನ ತಮ್ಮ ಅಳತೆಗಿಂತ ಒಂದು ಬೆರಳು ಉದ್ದ ಕತ್ತರಿಸಿ, ಗಾಜಿನ ಸುತ್ತ ಕೂರಿಸಿ, ಜೋಡಣೆಯನ್ನು ಕೆಳಗಡೆ ನಡುವಿಗೆ ತಂದ. ಈ ಕಾರಿನಲ್ಲಿ ಕ್ರೋಮ್ ಪಟ್ಟಿಯನ್ನು ಮೇಜಿನ ಮೇಲೆಯೇ ರಬ್ಬರಿಗೆ ಸೇರಿಸಬೇಕು. ಗಾಜು ಕಾರಿಗೆ ಹೋದ ಮೇಲೆ ಹಾಕಲು ಹೋದವರು ಪಟ್ಟಿ ಸೊಟ್ಟ ಮಾಡಿಕೊಂಡು ನಮ್ಮ ಹತ್ತಿರವೇ ಬರುತ್ತಾರೆ. ತಮ್ಮನ ಹೆಬ್ಬೆರಳು ಹೋದ ಕಡೆಯೆಲ್ಲ ಪಟ್ಟಿ ಹೇಳಿದ ಮಾತು ಕೇಳಿತು. ಮೂಲೆಗಳಲ್ಲಿ ಒಂದು ಸುಕ್ಕಿಲ್ಲ. ಆಮೇಲೆ ರಬ್ಬರಿನ ಒಳಗಿನ ಸೀಳಿನಲ್ಲಿ ಸುತ್ತಲೂ ನೈಲಾನ್ ದಾರ ಇಟ್ಟ. ಈ ದಾರ ಎಳೆದಂತೆ ರಬ್ಬರಿನ ತುಟಿ ಕಾರಿನ ತಗಡಿನ ಅಂಚನ್ನು ದಾಟಿ ಒಳಗೆ ಬಂದು ಕಚ್ಚಿಕೊಳ್ಳಬೇಕು. ಇಡೀ ಕೆಲಸದ ಜೀವ ಇರುವುದು ಅಲ್ಲಿ.

ತಮ್ಮ, ಟಿಂಕರ್ ಇಬ್ಬರೂ ಸೇರಿ ಗಾಜನ್ನು ಕಾರಿಗೆ ಒರಗಿಸಿದರು. ನಾನು ಒಳಗೆ ಕೂತೆ.

"ಹುಷಾರು ಚೂರಪ್ಪ," ಅಂದ ಟಿಂಕರ್. ಯಾರೂ ನಗಲಿಲ್ಲ.

ಎಡಗೈಯಲ್ಲಿ ದಾರ ಹಿಡಿದು ಎಳೆದೆ. ಬರಲಿಲ್ಲ. ಎಡಗೈಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಬೇರೆ ದಾರಿಯಿಲ್ಲದೆ ಕಾದೆ. ಹೊರಗೆ ನನ್ನ ತಮ್ಮ ಅಂಗೈಯನ್ನು ಒಂದು ಗೇಣು ಸರಿಸಿ, ಮೆಲ್ಲಗೆ ತಟ್ಟಿ, ಒತ್ತಿ ಹಿಡಿದ. "ಈಗ," ಅಂದ. ಎಳೆದರೆ ಬಂತು. "ನಿಲ್ಲು." ನಿಂತೆ. "ಈಗ." ಮತ್ತೆ ಬಂತು. ಮೊದಲು ಅಂಗೈ, ಆಮೇಲೆ ದಾರ. ಕೆಳಗಿನ ಅಂಚು, ಎರಡೂ ಪಕ್ಕ ಹಾಗೇ ಮುಗಿದವು.

ಮೇಲಿನ ಮೂಲೆಯಲ್ಲಿ ದಾರ ಸಿಕ್ಕಿಕೊಂಡಿತು. ಆವತ್ತು ಒಡೆದದ್ದೂ ಅದೇ ಮೂಲೆಯಲ್ಲಿ. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಡ್ಯಾಶ್‌ಬೋರ್ಡಿಗೆ ಕಾಲು ಕೊಟ್ಟು, ದಾರವನ್ನು ಮುಷ್ಟಿಗೆ ಸುತ್ತಿಕೊಂಡೆ.

"ಅವಸರ ಮಾಡಬೇಡ ಕಣೇ," ಎಂದರು ನರ್ಸಮ್ಮ ಕೂತಲ್ಲಿಂದಲೇ. "ಇಷ್ಟು ವರ್ಷದಲ್ಲಿ ನಾನು ಯಾವ ಮಗುವನ್ನೂ ಜಗ್ಗಾಡಿ ತೆಗೆದಿಲ್ಲ."

ಮುಷ್ಟಿ ಸಡಿಲಿಸಿದೆ. ಗಾಜಿನ ಆಚೆ ತಮ್ಮನ ಅಂಗೈಗಳು ಒತ್ತಿ ಬಿಳಿಚಿಕೊಂಡಿದ್ದವು. ಅವು ನಿಧಾನವಾಗಿ ಮೂಲೆಗೆ ಬಂದು ನಿಂತವು.

"ಈಗ ಅಕ್ಕ."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಾರ ಬಂತು. ರಬ್ಬರು ಟಪ್ಪೆಂದು ತಗಡನ್ನು ಹಿಡಿದುಕೊಂಡಿತು. ಉಳಿದದ್ದು ಎರಡು ನಿಮಿಷದ ಕೆಲಸ.

ದಾರ ಪೂರ್ತಿ ನನ್ನ ಕೈಗೆ ಬಂದಿತ್ತು. ನಾನು ಮಾತ್ರ ಡ್ಯಾಶ್‌ಬೋರ್ಡಿನ ಮೇಲಿದ್ದ ನನ್ನ ಕಾಲನ್ನೇ ನೋಡುತ್ತ ಕೂತಿದ್ದೆ. ಆವತ್ತೂ ಹೀಗೇ ಕಾಲು ಕೊಟ್ಟಿದ್ದೆ, ಎರಡೂ ಕೈಯಿಂದ ಜಗ್ಗಿದ್ದೆ.

"ತಮ್ಮ, ಆವತ್ತು ನೀನು 'ಈಗ' ಅಂದಿದ್ದೆಯೇನೋ?"

ಅವನು ಗಾಜಿನ ಮೇಲಿನ ಸೋಪು ಒರೆಸುತ್ತಿದ್ದ. "ಇಲ್ಲ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಅಪ್ಪ ಮಾರನೇ ವಾರ ನಿನ್ನ ಕೈಗೆ ಅಂಗಡಿ ಬೀಗದ ಕೈ ಕೊಡೋರಿದ್ರು. ನಾನು ಹೇಳಿ ಅದನ್ನ ತಪ್ಪಿಸ್ಲಾ?"

ಆರು ವರ್ಷ. ಇಡೀ ಬೀದಿ ಚೂರಪ್ಪ ಅಂದಾಗಲೂ, ನಾನು ಅಂದಾಗಲೂ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದ. ನನಗೆ ನಾಚಿಕೆಯಾಯಿತು. ಅದರ ಬೆನ್ನಿಗೇ, ಇವನು ನನ್ನ ತಮ್ಮ ಎಂದು ಎದೆ ತುಂಬಿ ಬಂತು.

ನರ್ಸಮ್ಮನನ್ನು ಒಳಗೆ ಕೂರಿಸಿ ಪೈಪಿನಲ್ಲಿ ನೀರು ಬಿಟ್ಟೆವು. ಹತ್ತು ನಿಮಿಷ. ಆಕೆ ಒದ್ದೆಯಾಗದ ಪಾದ ಎತ್ತಿ ತೋರಿಸಿದರು.

"ಪರವಾಗಿಲ್ಲ ಚೂರಪ್ಪ, ಈ ಸಲ ಒಡೆಯಲಿಲ್ಲ," ಅಂದ ಟಿಂಕರ್.

"ಆವತ್ತೂ ಅವನು ಒಡೆಯಲಿಲ್ಲ," ಅಂದೆ, ಬೀದಿಗೆಲ್ಲ ಕೇಳುವ ಹಾಗೆ. "ಅವನು ಹೇಳೋ ಮೊದಲೇ ದಾರ ಜಗ್ಗಿ ಒಡೆದವಳು ನಾನು. ಕುಣಿಯೋಕೆ ಬಾರದೆ ನೆಲ ಡೊಂಕು ಅಂದವಳೂ ನಾನೇ. ಚೂರಪ್ಪ ಅಂತ ಕರೀಲೇಬೇಕು ಅಂದ್ರೆ ಇನ್ನು ನನ್ನನ್ನ ಕರಿ, ಓ ಅಂತೀನಿ."

ಟಿಂಕರ್ ನೆಲ ನೋಡಿದ. ನನ್ನ ತಮ್ಮ ಕಿವಿಯವರೆಗೂ ಕೆಂಪಾಗಿ, "ಬಿಡು ಅಕ್ಕ," ಅಂದ.

"ಗಾಜು ಯಾರು ಕೂರಿಸಿದ್ದು ಅಂತ ಕೇಳಿದರೆ ಏನು ಹೇಳಲಿ?" ಎಂದರು ನರ್ಸಮ್ಮ, ಎಂಜಿನ್ ಶುರು ಮಾಡುತ್ತ.

ಎಂದಿನಂತೆ 'ನಮ್ಮ ಅಂಗಡಿ' ಎನ್ನಲು ಹೊರಟಿದ್ದೆ. "ನನ್ನ ತಮ್ಮ," ಅಂದೆ.

ಕಾರು ತಿರುವು ದಾಟುವವರೆಗೆ ಇಬ್ಬರೂ ನೋಡಿದೆವು. ಆಮೇಲೆ ನಾನೇ ಕೇಳಿದೆ, "ಇನ್ನು ಮುಂದೆ ನೀನು ಒತ್ತು, ನಾನು ಎಳೀತೀನಿ. ಆಗಬಹುದಾ?"

ಅವನು ದಾರ ಸುತ್ತಿ ಮೊಳೆಗೆ ನೇತುಹಾಕಿದ.

"ನಾನು ಹೇಳಿದಾಗ ಮಾತ್ರ ಎಳೀಬೇಕು," ಅಂದ. "ಇಲ್ಲದಿದ್ರೆ ಚಹಾ ಇಲ್ಲ."